ಗರ್ಭಚೀಲ ತೆಗೆಸುವ ಮುನ್ನ

“ಮಕ್ಕಳಾದುವಲ್ಲ, ಇನ್ನೇಕೆ ಗರ್ಭಚೀಲ?” ಎಂಬ ಮಾತನ್ನು ನಮ್ಮ ಹಳ್ಳಿಗಳಲ್ಲಿ ಕೇಳದವರು ವಿರಳ. ರಕ್ತಸ್ರಾವವೆಂದು ಆಸ್ಪತ್ರೆಗೆ ಹೋದ ಹೆಂಗಸಿಗೆ ಹಲವೆಡೆ ಮೊದಲು ದೊರೆಯುವ ಸಲಹೆಯೂ ಇದೇ. ನಾನು ವೈದ್ಯಶಾಸ್ತ್ರ ಓದಿದವಳಲ್ಲ; ಆದರೆ ಈ ವಿಷಯ ವೈದ್ಯರಿಗೆ ಮಾತ್ರ ಸೇರಿದ್ದೂ ಅಲ್ಲ.

ರಕ್ತಸ್ರಾವಕ್ಕೆ ಕಾರಣಗಳು ಹಲವು. ಅವುಗಳಲ್ಲಿ ವಿರಳವಾದರೂ ಅಪಾಯಕರವಾದುದೊಂದುಂಟು. ಗರ್ಭಕೋಶದ ಗೋಡೆಯಲ್ಲಿ ಧಮನಿಗಳೂ ಅಭಿಧಮನಿಗಳೂ, ನಡುವಿನ ಸೂಕ್ಷ್ಮ ನಾಳಗಳಿಲ್ಲದೆ, ನೇರವಾಗಿ ಸೇರಿ ಗಂಟಾಗುತ್ತವೆ. ಕೆಲವರಿಗೆ ಇದು ಹುಟ್ಟಿನಿಂದಲೇ ಇರುತ್ತದೆ. ಉಳಿದವರಿಗೆ ಗರ್ಭಪಾತ, ಗರ್ಭಕೋಶ ಕೆರೆಯುವ ಚಿಕಿತ್ಸೆ, ಸಿಸೇರಿಯನ್ ಮುಂತಾದವುಗಳ ತರುವಾಯ ಬರುತ್ತದೆ. ಕಾರಣವರಿಯದೆ ಮತ್ತೆ ಕೆರೆದರೆ ರಕ್ತ ನಿಲ್ಲುವ ಬದಲು ಉಕ್ಕಿ ಹರಿಯಬಹುದು. ಡಾಪ್ಲರ್ ಸ್ಕ್ಯಾನಿಂಗ್ ಈ ಗಂಟಿನ ಸುಳಿವನ್ನು ಕೊಡಬಲ್ಲದು.

ಹಿಂದೆ ಇದಕ್ಕೆ ಗರ್ಭಕೋಶ ತೆಗೆಯುವುದೇ ಮುಖ್ಯ ಚಿಕಿತ್ಸೆಯಾಗಿತ್ತು. ಈಗ ತೊಡೆಯ ಸಂದಿನ ಅಥವಾ ಮಣಿಕಟ್ಟಿನ ಧಮನಿಯೊಳಗೆ ಸಣ್ಣ ಕೊಳವೆಯನ್ನು ತೂರಿಸಿ, ಎಕ್ಸ್-ರೇ ಸಹಾಯದಿಂದ ಗಂಟಿನವರೆಗೆ ನಡೆಸಿ, ಜೆಲಾಟಿನ್ ಚೂರು, ಸೂಕ್ಷ್ಮ ಕಣ ಅಥವಾ ಅಂಟುದ್ರವದಿಂದ ರಕ್ತದ ದಾರಿಯನ್ನು ಮುಚ್ಚುತ್ತಾರೆ. ಇದಕ್ಕೆ ಎಂಬಲೈಸೇಷನ್ ಎಂದು ಹೆಸರು. ಹೊಟ್ಟೆ ಕೊಯ್ಯಬೇಕಾಗಿಲ್ಲ, ಗರ್ಭಕೋಶ ಉಳಿಯುತ್ತದೆ. ಕೆಲವರಿಗೆ ಎರಡನೆಯ ಸಲವೂ ಮಾಡಬೇಕಾಗುವುದುಂಟು. ಆದರೆ ಚಿಕಿತ್ಸೆಯ ಅನಂತರ ಗರ್ಭ ಧರಿಸಿ ಹೆತ್ತವರೂ ಇದ್ದಾರೆ.

ನನ್ನ ಚಿಕ್ಕಮ್ಮನಿಗೆ ಬಸಿರು ಇಳಿದ ಮೇಲೆ ರಕ್ತ ನಿಲ್ಲಲಿಲ್ಲ. ಇಪ್ಪತ್ತಾರನೆಯ ವಯಸ್ಸಿಗೆ ಗರ್ಭಚೀಲ ತೆಗೆದರು. ಅದು ಅಗತ್ಯವಾಗಿತ್ತೋ ಇಲ್ಲವೋ ನಾನು ಹೇಳಲಾರೆ. ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನಿದೆಯೆಂದು ಓದಿ ಹೇಳುವವರು ಮನೆಯಲ್ಲಿ ಇರಲಿಲ್ಲವೆಂಬುದು ಮಾತ್ರ ನಿಜ.

ಇದು ಒಂದು ಮನೆಯ ಕಥೆಯಲ್ಲ. ಬಡ ಹೆಂಗಸರ ಗರ್ಭಕೋಶಗಳನ್ನು ಅನಾವಶ್ಯಕವಾಗಿ ತೆಗೆಯಲಾಗುತ್ತಿದೆಯೆಂದು ಡಾ. ನರೇಂದ್ರ ಗುಪ್ತ ಅವರು 2013ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಇಂಥ ಶಸ್ತ್ರಕ್ರಿಯೆಗಳನ್ನು ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು 2023ರ ಏಪ್ರಿಲಿನಲ್ಲಿ ನ್ಯಾಯಾಲಯವು ರಾಜ್ಯಗಳಿಗೆ ಆದೇಶಿಸಿತು.

ಪ್ರಾಣವೇ ಹೋಗುವಂತಿರುವಾಗ ಗರ್ಭಕೋಶ ತೆಗೆದು ತಾಯಿಯನ್ನು ಉಳಿಸುವ ವೈದ್ಯರಿಗೆ ನಾವು ಋಣಿಗಳು. ಎಂಬಲೈಸೇಷನ್ ಬಲ್ಲ ತಜ್ಞರೂ ಯಂತ್ರಗಳೂ ದೊಡ್ಡ ಊರುಗಳಲ್ಲೇ ಹೆಚ್ಚು ಎಂಬುದೂ ಸುಳ್ಳಲ್ಲ. ಆದರೆ ಚಿಕಿತ್ಸೆ ದೂರದಲ್ಲಿದೆಯೆಂದು ಅದರ ಸುದ್ದಿಯನ್ನೂ ಮುಚ್ಚಿಡಬಹುದೇ? ತಡೆದುಕೊಳ್ಳುವ ಸ್ಥಿತಿಯಲ್ಲಿರುವವಳನ್ನು ಅಲ್ಲಿಗೆ ಕಳುಹಿಸುವ ಏರ್ಪಾಡು ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿಯೂ ಇರಬೇಕೆಂಬುದು ನನ್ನ ಅಭಿಪ್ರಾಯ.

ನಮ್ಮ ಮನೆಯಲ್ಲಿ ಕಾಲೇಜು ಕಂಡವಳು ನಾನೇ ಮೊದಲು. ನನ್ನಂಥವರು ಇಲ್ಲಿ ಬಹಳ ಮಂದಿ ಇದ್ದೇವೆ. ಪದವಿಯಿಂದ ನೌಕರಿ ಸಿಗುವುದೋ ಇಲ್ಲವೋ, ಆಸ್ಪತ್ರೆಯ ಕಾಗದವನ್ನು ಓದಿ ಹೇಳುವ ಶಕ್ತಿಯಂತೂ ನಮಗೆ ಬಂದಿದೆ. ರಕ್ತಸ್ರಾವಕ್ಕೆ ಕಾರಣವೇನು? ಸ್ಕ್ಯಾನಿಂಗ್ ಆಯಿತೇ? ಗರ್ಭಕೋಶ ಉಳಿಸುವ ದಾರಿಯುಂಟೇ? ಈ ಮೂರು ಪ್ರಶ್ನೆಗಳನ್ನು ನಮ್ಮ ತಾಯಂದಿರ, ಅಕ್ಕಂದಿರ ಪರವಾಗಿ ವಿನಯದಿಂದಲೇ ಕೇಳೋಣ. ಉತ್ತರ ತಿಳಿದ ಮೇಲೆ ಅವರೇ ನಿರ್ಧರಿಸಲಿ.