ಹಿಂದಿನ ಬೆಂಚಿನ ತನಕ ನಡೆಯಿರಿ

ಹೊಸೂರಿನ ರಸ್ತೆ ಬದಿಯಲ್ಲಿ ಬೆಳ್ಳಂಬೆಳಗ್ಗೆ ಬುತ್ತಿ ಹಿಡಿದು ಮೇಸ್ತ್ರಿಗಾಗಿ ಕಾಯುವ ಕೂಲಿಯವರನ್ನು ನೀವು ದಿನವೂ ನೋಡುತ್ತೀರಿ. ಬಿಸಿಲೇರಿದರೂ ಯಾರೂ ಕರೆಯದೆ ನಿಂತವನ ಮುಖ ನಿಮಗೆ ಗೊತ್ತು. ಹಾಗಾಗಿ ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯವನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ದ್ರಾಕ್ಷಿ ತೋಟದ ಯಜಮಾನ ಬೆಳಗಿನಿಂದ ಬಿಸಿಲಲ್ಲಿ ಬೆಂದವನಿಗೂ ಸಂಜೆ ಐದಕ್ಕೆ ಬಂದವನಿಗೂ ಒಂದೇ ಕೂಲಿ ಕೊಟ್ಟ. ಮೊದಲು ಬಂದವರು ಗೊಣಗಿದರು. ಆದರೆ ಸಂಜೆ ಬಂದವನ ಮನೆಯಲ್ಲೂ ಒಲೆ ಉರಿಯಬೇಕಿತ್ತು, ಅವನ ಮಕ್ಕಳಿಗೂ ಅಷ್ಟೇ ಹಸಿವಿತ್ತು. ಕೊಟ್ಟವನು ಲೆಕ್ಕ ಕೇಳಲಿಲ್ಲ.

ಒಂದು ಭಾನುವಾರ ಬಲಿಪೂಜೆಯಲ್ಲಿ ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕೂತ ಹೆಣ್ಣುಮಗಳೊಬ್ಬಳನ್ನು ಕಂಡೆ. ಬೇರೆ ಜಾತಿಯವನ ಕೈ ಹಿಡಿದು ಮನೆ ಬಿಟ್ಟವಳು. ಮಡಿಲಲ್ಲಿ ಮಗು. ನಾಲ್ಕು ಸಾಲು ಮುಂದೆ ಅವಳ ಅಪ್ಪ ಪರಮಪ್ರಸಾದಕ್ಕೆ ಎದ್ದು ಕೈಚಾಚಿದರು, ತಿಂದರು, ಕಣ್ಣುಮುಚ್ಚಿ ಮಂಡಿಯೂರಿದರು, ಹಿಂದೆ ತಿರುಗಿ ನೋಡದೆ ಪಕ್ಕದ ಬಾಗಿಲಿನಿಂದ ಹೊರಟರು. ಮಗು ಅವರತ್ತ ಬೆರಳು ಮಾಡಿ ಏನೋ ಕೇಳಿತು. ಆ ಬೆರಳನ್ನು ಅವಳು ಮೆಲ್ಲಗೆ ಮಡಿಸಿ ತನ್ನ ಸೆರಗಿನೊಳಗೆ ಇಟ್ಟುಕೊಂಡಳು.

ಇದನ್ನು ನೀವೂ ಕಂಡಿದ್ದೀರಿ, ಕಂಡು ಪ್ರಾರ್ಥನೆ ಪುಸ್ತಕದ ಹಾಳೆ ತಿರುಗಿಸಿದ್ದೀರಿ. ನಿಮ್ಮಲ್ಲಿ ಕೆಲವರು ಆ ಅಪ್ಪನ ಜಾಗದಲ್ಲೇ ಇದ್ದೀರಿ, ಈ ಮಾತು ನಿಮಗೇ. ಆ ಮದುವೆ ಪಾಪವೇ ಅಲ್ಲ ಎಂಬುದು ನನ್ನ ನಂಬಿಕೆ. ನಿಮ್ಮ ಲೆಕ್ಕದಲ್ಲಿ ಅದು ತಪ್ಪೇ ಆಗಿರಲಿ. ನಿಮ್ಮ ತಪ್ಪುಗಳನ್ನು ಯಾವ ಬೆಲೆ ಕೊಟ್ಟು ತೀರಿಸಿದಿರಿ? ಪಾಪನಿವೇದನೆಗೆ ಮಂಡಿಯೂರಿದ ದಿನ ನಿಮ್ಮ ಕೈಯಲ್ಲಿ ಏನಿತ್ತು? ಖಾಲಿ ಕೈಯಲ್ಲಿ ಹೋದಿರಿ, ತುಂಬಿಕೊಂಡು ಬಂದಿರಿ. ಕೊಟ್ಟವನು ಲೆಕ್ಕ ಕೇಳಲಿಲ್ಲ.

ನಮ್ಮ ಧರ್ಮಪುರಿ ಧರ್ಮಪ್ರಾಂತ್ಯ ಸೇಲಂನಿಂದ ಬೇರೆಯಾದದ್ದು 1997ರಲ್ಲಿ. ನಮ್ಮ ಹಳ್ಳಿಗಳ ವಿಶ್ವಾಸ ಅದಕ್ಕಿಂತ ಎಷ್ಟೋ ಹಳೆಯದು. ಆದರೆ ಅಜ್ಜಂದಿರು ಶಿಲುಬೆಯ ಜೊತೆಗೆ ಜಾತಿಯನ್ನೂ ಹೊತ್ತು ತಂದರು, ಅದು ಇವತ್ತಿಗೂ ಇಗರ್ಜಿಯೊಳಗೆ ನಮ್ಮ ಪಕ್ಕದಲ್ಲೇ ಕೂರುತ್ತದೆ. 2018ರ ನವೆಂಬರ್‌ನಲ್ಲಿ ಇದೇ ಹೊಸೂರು ಸೀಮೆಯ ಗಂಡಹೆಂಡಿರ ಶವಗಳು ಕಾವೇರಿಯಲ್ಲಿ ಸಿಕ್ಕವು. ಅವರ ಜಾತಿ ಬೇರೆ ಬೇರೆ. ಪೊಲೀಸರು ಬಂಧಿಸಿದ್ದು ಹುಡುಗಿಯ ಮನೆಯವರನ್ನೇ. ನಾವು ಅಂಥವರಲ್ಲ ಎನ್ನುತ್ತೀರಿ. ನಿಜ, ನೀವು ಅಂಥವರಲ್ಲ. ಹಾಗಿದ್ದೂ ಮಗಳ ಹೆಸರು ಎತ್ತಬೇಡಿ ಎಂದು ಮನೆಯವರ ಬಾಯಿ ಮುಚ್ಚಿಸಿದ ದಿನ, ನಿಮಗೆ ತಿಳಿಯದಂತೆ ಆ ದಾರಿಗೇ ಒಂದು ಹೆಜ್ಜೆ ಇಟ್ಟಿರಿ.

ಅವಳು ಬಂದು ತಪ್ಪಾಯ್ತು ಅನ್ನಲಿ, ಆಮೇಲೆ ನೋಡೋಣ ಎನ್ನುತ್ತೀರಿ. ಆಸ್ತಿಯನ್ನೆಲ್ಲ ಹಾಳುಮಾಡಿ ಬಂದ ಮಗನನ್ನು ಅಪ್ಪ ದೂರದಿಂದಲೇ ಕಂಡು ಓಡಿದ ಕಥೆ ಲೂಕನಲ್ಲಿದೆ. ಮಗ ಒಂದು ಮಾತೂ ಆಡುವ ಮೊದಲೇ ಅಪ್ಪ ಅವನನ್ನು ತಬ್ಬಿಕೊಂಡಿದ್ದ. ಅಂಥ ಕ್ಷಮೆಯನ್ನು ನಮ್ಮ ಕಾಲದಲ್ಲೂ ಕಂಡಿದ್ದೇವೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆಯಲ್ಲಿದ್ದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಗಂಡುಮಕ್ಕಳನ್ನು ಜೀಪಿನೊಳಗೆ ಸುಟ್ಟರು. ಅವರ ಪತ್ನಿ ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದರು, ಯಾರ ಪಶ್ಚಾತ್ತಾಪಕ್ಕೂ ಕಾಯಲಿಲ್ಲ. ಕಾನೂನು ತನ್ನ ಕೆಲಸ ಮಾಡಿತು, ಕೊಲೆಗಾರನಿಗೆ ಶಿಕ್ಷೆಯಾಯಿತು. ಆ ತಾಯಿ ಮಾತ್ರ ಬಾರಿಪದದ ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಅಷ್ಟು ದೊಡ್ಡದನ್ನು ನಿಮ್ಮಿಂದ ಯಾರೂ ಕೇಳುತ್ತಿಲ್ಲ. ನಿಮ್ಮ ಮುಂದಿರುವುದು ನಾಲ್ಕು ಸಾಲಿನ ದೂರ, ನಿಮ್ಮದೇ ರಕ್ತ.

ಆ ಮಗು ನಿಮ್ಮ ಸಾಲಗಾರನಲ್ಲ. ತಾತ ಎಂಬ ಮಾತನ್ನು ಅದು ಪಕ್ಕದ ಮನೆಯ ಮಕ್ಕಳ ಬಾಯಲ್ಲಿ ಕೇಳಿದೆ, ತಾನು ಯಾರಿಗೆ ಅನ್ನಬೇಕೆಂದು ತಿಳಿಯದೆ ಬೆಳೆಯುತ್ತಿದೆ. ನೀವು ಒಳ್ಳೆಯವರು, ಇದು ನಿಮ್ಮನ್ನೂ ರಾತ್ರಿ ಮಲಗಗೊಡದು ಎಂದು ಬಲ್ಲೆ. ಬರುವ ಭಾನುವಾರ ಪೂಜೆ ಮುಗಿದ ಮೇಲೆ ಪಕ್ಕದ ಬಾಗಿಲಿನಿಂದ ಹೊರಡಬೇಡಿ. ಹಿಂದಿನ ಬೆಂಚಿನ ತನಕ ನಡೆದು ಹೋಗಿ, ಆ ಮಗುವನ್ನು ಎತ್ತಿಕೊಳ್ಳಿ.