ಷೇರುಪೇಟೆಯ ಇಂಗ್ಲಿಷ್ ನಿಘಂಟಿನಲ್ಲಿ ಸಿಗದು

ಷೇರು ವ್ಯವಹಾರವನ್ನು ಕಲಿಸುವ ಕನ್ನಡ ಪುಸ್ತಕಗಳಿಗೆ ಈಗ ಬರವಿಲ್ಲ. ಅವುಗಳಲ್ಲಿ ಹಲವು ಪುಸ್ತಕಗಳ ಕೊನೆಗೆ ಇಂಗ್ಲಿಷ್ ಪದಗಳ ಪಟ್ಟಿಯೊಂದಿರುತ್ತದೆ. ಪ್ರತಿ ಪದದ ಎದುರಿಗೆ ಒಂದೊಂದು ಕನ್ನಡ ಪದ. ನಿವೃತ್ತಿಯ ಹಣವನ್ನು ಬ್ಯಾಂಕಿನ ಬಡ್ಡಿಗಿಂತ ಹೆಚ್ಚಾಗಿ ಬೆಳೆಸುವ ಆಸೆಯಿಂದ ಇಂತಹ ಪಟ್ಟಿಗಳನ್ನು ಕಂಠಪಾಠ ಮಾಡುತ್ತಿರುವ ಪರಿಚಿತರು ನನಗೆ ಕೆಲವರಿದ್ದಾರೆ. ಅವರ ಶ್ರದ್ಧೆ ಮೆಚ್ಚತಕ್ಕದ್ದೇ. ಆದರೆ ಪೇಟೆಯಲ್ಲಿ ಜನ ಎಡವುವುದು ಕಠಿಣ ಪದಗಳ ಮೇಲಲ್ಲ. ‘ಡಿಬೆಂಚರ್’ ಎಂದರೆ ಏನೆಂದು ಗೊತ್ತಿಲ್ಲದವನು ಕೇಳಿ ತಿಳಿದುಕೊಳ್ಳುತ್ತಾನೆ. ‘ಬಾಂಡ್’, ‘ಬೋನಸ್’, ‘ಮಾರ್ಜಿನ್’ ಎಂದರೆ ಯಾರೂ ಕೇಳುವುದಿಲ್ಲ. ಎಲ್ಲರಿಗೂ ಗೊತ್ತಿರುವ ಪದಗಳೆಂದೇ ಭಾವನೆ.

‘ಬಾಂಡ್’ ಪದವನ್ನೇ ನೋಡಿ. ನಮ್ಮ ಮನೆಗಳಲ್ಲಿ ಎಲ್‌ಐಸಿ ಪಾಲಿಸಿಯ ಕಾಗದಕ್ಕೆ ಬಾಂಡ್ ಎನ್ನುತ್ತೇವೆ. ಉಪನೋಂದಣಾಧಿಕಾರಿಗಳ ಕಚೇರಿಯ ಮುಂದೆ ಮಾರುವ ಛಾಪಾ ಕಾಗದವೂ ಬಾಂಡ್ ಪೇಪರ್. ಹೀಗಾಗಿ ಆ ಪದ ಕಿವಿಗೆ ಬೀಳುವಾಗಲೇ ಸರ್ಕಾರದ ಮೊಹರಿನ ಭದ್ರತೆಯನ್ನು ಹೊತ್ತು ತರುತ್ತದೆ. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕ್ ಮುಗ್ಗರಿಸಿದಾಗ ‘ಎಟಿ-1’ ಎಂಬ ವರ್ಗದ 8,400 ಕೋಟಿ ರೂಪಾಯಿಗೂ ಹೆಚ್ಚು ಮೊತ್ತದ ಬಾಂಡ್‌ಗಳನ್ನು ಸೊನ್ನೆಗಿಳಿಸಲಾಯಿತು. ಈ ಬಾಂಡ್‌ಗಳಿಗೆ ‘ಪರ್ಪೆಚುಯಲ್’ ಎಂಬ ವಿಶೇಷಣವಿತ್ತು. ನಿಘಂಟಿನಲ್ಲಿ ಅದಕ್ಕೆ ಶಾಶ್ವತ, ನಿರಂತರ ಎಂಬ ಅರ್ಥ. ಕೇಳಲು ಎಷ್ಟು ಹಿತ! ವ್ಯವಹಾರದಲ್ಲಿ ಅದರ ಅರ್ಥ, ಅಸಲನ್ನು ಹಿಂದಿರುಗಿಸಲು ಗೊತ್ತಾದ ದಿನವೇ ಇಲ್ಲ ಎಂದು. ಬಡ್ಡಿಯನ್ನು ತಡೆಹಿಡಿಯುವ ಅವಕಾಶವೂ ಬ್ಯಾಂಕಿಗಿತ್ತು. ಇದನ್ನು ಕೆಲವು ಸಾಮಾನ್ಯ ಗ್ರಾಹಕರಿಗೆ ‘ಸೂಪರ್ ಎಫ್‌ಡಿ’ ಎಂದು ಹೇಳಿ ದಾಟಿಸಲಾಗಿತ್ತೆಂಬ ಕಾರಣಕ್ಕೆ 2021ರ ಏಪ್ರಿಲ್‌ನಲ್ಲಿ ಸೆಬಿ ಆ ಬ್ಯಾಂಕಿಗೆ 25 ಕೋಟಿ ರೂಪಾಯಿ ದಂಡ ವಿಧಿಸಿತು. ಬಾಂಡ್‌ಗಳನ್ನು ಅಳಿಸಿಹಾಕಿದ್ದು ಸರಿಯೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಲಕ್ಷಗಟ್ಟಲೆ ಠೇವಣಿಯನ್ನು ಮುರಿದು ಅಲ್ಲಿ ಹಣ ಹಾಕಿದವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೆಂದು ಹೇಳಲು ನನಗೆ ಧೈರ್ಯವಿಲ್ಲ.

ಪದವೇ ದಾರಿ ತಪ್ಪಿಸುತ್ತದೆಂಬುದನ್ನು ನಿಯಂತ್ರಕರೂ ಒಪ್ಪಿಕೊಂಡ ನಿದರ್ಶನವಿದೆ. ಮ್ಯೂಚುವಲ್ ಫಂಡ್‌ಗಳಲ್ಲಿ ಬಹುಕಾಲದಿಂದ ‘ಡಿವಿಡೆಂಡ್’ ಎಂಬ ಆಯ್ಕೆಯಿತ್ತು. ಕಂಪನಿಯ ಲಾಭಾಂಶವನ್ನು ಕಂಡಿದ್ದ ಜನ, ಇದೂ ಮೇಲಿನಿಂದ ಬರುವ ಗಳಿಕೆಯೆಂದೇ ಭಾವಿಸಿದರು. ವಾಸ್ತವದಲ್ಲಿ 50 ರೂಪಾಯಿಯ ಯೂನಿಟ್‌ಗೆ 5 ರೂಪಾಯಿ ಹಂಚಿದರೆ ಯೂನಿಟ್‌ನ ಮೌಲ್ಯ 45ಕ್ಕೆ ಇಳಿಯುತ್ತದೆ. ನಮ್ಮದೇ ಜೇಬಿನ ಹಣ ನಮ್ಮದೇ ಕೈಗೆ. 2021ರ ಏಪ್ರಿಲ್ 1ರಿಂದ ಆ ಹೆಸರನ್ನು ತೆಗೆದು, ‘ಆದಾಯ ವಿತರಣೆ ಹಾಗೂ ಬಂಡವಾಳ ಹಿಂತೆಗೆತ’ ಎಂಬರ್ಥದ ಉದ್ದನೆಯ ಇಂಗ್ಲಿಷ್ ಹೆಸರನ್ನು ಬಳಸುವಂತೆ ಸೆಬಿ ಕಡ್ಡಾಯಗೊಳಿಸಿತು. ಹೆಸರು ಅಂದವಾಗಿಲ್ಲ, ಆದರೆ ಸತ್ಯವಾಗಿದೆ. ದುರದೃಷ್ಟವಶಾತ್ ಅದನ್ನು ಐಡಿಸಿಡಬ್ಲ್ಯು ಎಂಬ ಐದಕ್ಷರಕ್ಕೆ ಕುಗ್ಗಿಸಿ, ಬಂದ ಅರ್ಥವನ್ನು ಮತ್ತೆ ಹೊರಗಟ್ಟಿದ್ದೂ ಆಯಿತು. ‘ಬೋನಸ್ ಷೇರು’ ಇನ್ನೂ ಹೆಸರು ಬದಲಿಸಿಕೊಂಡಿಲ್ಲ. ಕಾರ್ಖಾನೆಯ ನೌಕರನಿಗೆ ಬೋನಸ್ ಎಂದರೆ ಹಬ್ಬಕ್ಕೆ ಕೈಸೇರುವ ಹೆಚ್ಚುವರಿ ಹಣ. ಷೇರುದಾರನಿಗೋ, 800 ರೂಪಾಯಿಯ 100 ಷೇರುಗಳು ಒಂದಕ್ಕೊಂದು ಬೋನಸ್ ಬಂದ ಬಳಿಕ ಹೆಚ್ಚುಕಡಿಮೆ 400 ರೂಪಾಯಿಯ 200 ಷೇರುಗಳಾಗುತ್ತವೆ. ರೊಟ್ಟಿಯನ್ನು ಎರಡು ತುಂಡು ಮಾಡಿದಂತೆ.

‘ಮಾರ್ಜಿನ್’ ಇನ್ನೂ ಅಪಾಯಕಾರಿ. ಶಾಲೆಯ ಹುಡುಗನಿಗೆ ಅದು ನೋಟುಪುಸ್ತಕದ ಅಂಚು, ಕಿರಾಣಿ ಅಂಗಡಿಯವನಿಗೆ ಲಾಭ. ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿನಲ್ಲಿ ಅದು ಜಾಮೀನು ಹಣ. ತನ್ನಲ್ಲಿರುವುದಕ್ಕಿಂತ ಹಲವು ಪಟ್ಟು ದೊಡ್ಡ ಬಾಜಿಗೆ ಕಟ್ಟಿದ ಈಡು. ಬೆಲೆ ತಿರುಗಿದರೆ ಈಡು ಕರಗುತ್ತದೆ, ಇನ್ನಷ್ಟು ತುಂಬೆಂದು ಕರೆ ಬರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021–22ರಿಂದ 2023–24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಈ ವಹಿವಾಟಿಗಿಳಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಅಧಿಕ. ಹತ್ತರಲ್ಲಿ ಒಂಬತ್ತು ಮಂದಿ ಸೋಲುತ್ತಾರೆಂಬ ಎಚ್ಚರಿಕೆಯನ್ನು 2023ರ ಜುಲೈನಿಂದ ದಲ್ಲಾಳಿ ಸಂಸ್ಥೆಗಳು ತಮ್ಮ ಗ್ರಾಹಕರ ಪರದೆಯ ಮೇಲೆ ತೋರಿಸಲೇಬೇಕಾಯಿತು. ನಮ್ಮ ಹುಡುಗರು ಅದನ್ನು ಹೆಬ್ಬೆರಳಿನಿಂದ ಸರಿಸುವ ವೇಗವನ್ನು ನಾನು ಕಂಡಿದ್ದೇನೆ. ಹಿಂದೆ ಹೆಬ್ಬೆಟ್ಟು ಒತ್ತುತ್ತಿದ್ದವನು ಓದು ಬಾರದವನಾಗಿದ್ದ, ಅಷ್ಟೇ ವ್ಯತ್ಯಾಸ.

ಪರಿಹಾರವೆಂದರೆ ಎಲ್ಲ ಪದಗಳನ್ನೂ ಕನ್ನಡಿಸುವುದಲ್ಲ. ‘ಡಿರೈವೆಟಿವ್’ ಪದಕ್ಕೆ ‘ವ್ಯುತ್ಪನ್ನ’ ಎಂದು ಬರೆದರೆ ಒಂದು ಗೊತ್ತಿಲ್ಲದ ಪದದ ಬದಲು ಎರಡಾದವು. ಜಾಮೀನು, ಬಾಕಿ, ವಸೂಲಿ, ಜಪ್ತಿ ಇವಾವುವೂ ಮೂಲತಃ ನಮ್ಮವಲ್ಲ. ಅರಬ್ಬಿ, ಪಾರಸಿಗಳಿಂದ ಬಂದವು. ಆದರೂ ಜಪ್ತಿಯೆಂದರೇನೆಂದು ಯಾವ ರೈತನೂ ನಿಘಂಟು ತೆರೆದು ನೋಡಲಿಲ್ಲ. ಯಾರು ಯಾರಿಗೆ ಕೊಡಬೇಕು, ಎಂದು ಕೊಡಬೇಕು, ಕೊಡದಿದ್ದರೆ ಏನಾಗುತ್ತದೆ ಎಂಬುದು ಅನುಭವದಿಂದಲೇ ಆ ಪದಕ್ಕೆ ಅಂಟಿಕೊಂಡಿತ್ತು. ಷೇರುಪೇಟೆಯ ಪ್ರತಿ ಪದಕ್ಕೂ ಈ ಮೂರು ಪ್ರಶ್ನೆಗಳನ್ನು ಹಾಕಿ ನೋಡಬೇಕೆಂದು ಕೇಳಿದವರಿಗೆಲ್ಲ ನಾನು ಹೇಳುತ್ತಿರುತ್ತೇನೆ.

ಕೆಲವೊಮ್ಮೆ ಕನ್ನಡದ ಹಳೆಯ ಪದವೇ ಇಂಗ್ಲಿಷಿಗಿಂತ ಚೆನ್ನಾಗಿ ಪಾಠ ಹೇಳುವುದುಂಟು. ‘ಯೀಲ್ಡ್’ ಎಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಗಳನ್ನೂ ಗೋಳು ಹೊಯ್ದುಕೊಳ್ಳುವ ಪದ. ಬಾಂಡ್‌ನ ಬೆಲೆ ಏರಿದರೆ ಯೀಲ್ಡ್ ಏಕೆ ಇಳಿಯಬೇಕು? ನಿವೃತ್ತ ಶಿಕ್ಷಕರೊಬ್ಬರು ಈ ಪ್ರಶ್ನೆ ಕೇಳಿದಾಗ ‘ಇಳುವರಿ’ ಎಂದೆ. ವರ್ಷಕ್ಕೆ 80 ರೂಪಾಯಿ ಬಡ್ಡಿ ಕೊಡುವ 1,000 ರೂಪಾಯಿಯ ಬಾಂಡನ್ನು ಒಂದು ತುಂಡು ಜಮೀನೆಂದು ತಿಳಿಯಿರಿ. ಫಸಲು ಅಷ್ಟೇ. ನೀವು ಆ ಜಮೀನನ್ನು 1,250 ರೂಪಾಯಿಗೆ ಕೊಂಡರೆ, ಹಾಕಿದ ಹಣಕ್ಕೆ ಬರುವ ವಾರ್ಷಿಕ ಇಳುವರಿ ಶೇ 8ರಿಂದ 6.4ಕ್ಕೆ ಇಳಿಯಿತು. ತುಮಕೂರಿನ ಕಡೆ ತೆಂಗಿನ ತೋಟವಿದ್ದ ಆ ಮೇಷ್ಟರಿಗೆ ಮುಂದಿನ ವಿವರಣೆ ಬೇಕಾಗಲಿಲ್ಲ. ಅವಧಿ ಮುಗಿದಾಗ 1,000 ಮಾತ್ರ ಹಿಂದಕ್ಕೆ ಬರುವುದರಿಂದ 250ರ ನಷ್ಟವನ್ನೂ ಲೆಕ್ಕ ಹಿಡಿಯಬೇಕಲ್ಲವೇ ಎಂದು ಅವರೇ ನನ್ನನ್ನು ಕೇಳಿದರು. ಪಠ್ಯಪುಸ್ತಕ ಆ ಮಾತಿಗೆ ಬರಲು ಎರಡು ಪುಟ ತೆಗೆದುಕೊಳ್ಳುತ್ತದೆ.

ಎಲ್ಲವನ್ನೂ ಹೂಡಿಕೆದಾರನ ಶ್ರದ್ಧೆಗೇ ಬಿಡುವುದು ನ್ಯಾಯವಲ್ಲ. ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಚಿಲ್ಲರೆ ಸಾಲ ಪಡೆಯುವವರಿಗೆ ಸಾಲದ ಮುಖ್ಯಾಂಶಗಳ ಹೇಳಿಕೆಯನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು. ಅದನ್ನು ವಿವರಿಸಿ, ಅರ್ಥವಾಯಿತೆಂಬ ಒಪ್ಪಿಗೆಯನ್ನೂ ಪಡೆಯಬೇಕು. ಅದೇ ಬ್ಯಾಂಕಿನ ಇನ್ನೊಂದು ಮೇಜಿನಲ್ಲಿ ಅದೇ ಗ್ರಾಹಕನಿಗೆ ಫಂಡ್ ಅಥವಾ ಬಾಂಡ್ ಮಾರುವಾಗಲೂ ಇಷ್ಟೇ ಕಟ್ಟುನಿಟ್ಟು ಇರಬೇಕು. ಒಂದು ಪುಟ ಸಾಕು. ಅಸಲು ಹಿಂದಿರುಗುವ ದಿನ, ಮಧ್ಯದಲ್ಲಿ ಹಣ ತೆಗೆದರೆ ಕಡಿತವಾಗುವ ಮೊತ್ತ, ಮಾರಿದವನಿಗೆ ದೊರೆಯುವ ಕಮಿಷನ್, ಅಸಲೇ ಮುಳುಗಬಹುದಾದ ಸಂದರ್ಭ ಇವಿಷ್ಟು ಕನ್ನಡದಲ್ಲಿರಲಿ. ಕೆಳಗೆ ಮಾರುವವನ ಸಹಿಯೂ ಇರಲಿ. ‘ಸೂಪರ್ ಎಫ್‌ಡಿ’ ಎಂದು ಬಾಯಲ್ಲಿ ಹೇಳಿದವನು ಆ ಪುಟದ ಮೇಲೆ ಅದನ್ನೇ ಬರೆದು ರುಜು ಹಾಕುವನೇ ಎಂಬುದು ಆಗ ಗೊತ್ತಾಗುತ್ತದೆ.