ಡಬ್ಬಿಯೊಳಗಿನ ಬಲ

ಬಲವನ್ನು ಪುಡಿಮಾಡಿ ಡಬ್ಬಿಯಲ್ಲಿ ತುಂಬಿ ಮಾರಬಹುದೆಂಬ ವಿಚಾರ ಹೊಸದೇನೂ ಅಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಯೂಜೆನ್ ಸ್ಯಾಂಡೊ ಎಂಬ ಜಗಜಟ್ಟಿಯ ಹೆಸರು 'ಪ್ಲಾಸ್ಮನ್' ಎಂಬ ಪುಡಿಯ ಜಾಹೀರಾತುಗಳಲ್ಲಿ ಕಾಣಿಸಿಕೊಂಡಿತು. ಅದು ಹಾಲಿನ ಕೇಸೀನಿನಿಂದ ಮಾಡಿದ ಪುಡಿ. ಈ ಸ್ಯಾಂಡೊ ಭಾರತಕ್ಕೂ ಬಂದುಹೋದವನು. ತೋಳಿಲ್ಲದ ಬನಿಯನ್ನಿಗೆ ನಮ್ಮಲ್ಲಿ ಇಂದಿಗೂ ಅವನ ಹೆಸರೇ ಇದೆ. ಆದರೆ ಆತ ಶಿಕಾಗೊ ನಗರದಲ್ಲಿ ತನ್ನ ಮೈಕಟ್ಟನ್ನು ಪ್ರದರ್ಶಿಸಿ ಜನರನ್ನು ಬೆರಗುಗೊಳಿಸಿದ್ದು 1893ರಲ್ಲಿ, ಪ್ಲಾಸ್ಮನ್ ಅಂಗಡಿಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲು. ಬಲ ಮೊದಲು ಬಂದಿತು, ಪುಡಿ ಆಮೇಲೆ ಬಂದಿತು. ಜಾಹೀರಾತು ಮಾತ್ರ ಈ ಕ್ರಮವನ್ನು ತಿರುವುಮುರುವು ಮಾಡಿತು.

ಇಂದು ಬಳ್ಳಾರಿಯ ಬೀದಿಗಳಲ್ಲಿ ಹಳೆಯ ಗರಡಿಯ ಸ್ಥಾನವನ್ನು ಜಿಮ್ಮುಗಳು ಹಿಡಿದಿವೆ. ಸಿರುಗುಪ್ಪ, ಕುರುಗೋಡುಗಳ ತರುಣರಿಗೂ ಈ ಡಬ್ಬಿಗಳು ಅಪರಿಚಿತವಲ್ಲ. ಒಂದೊಂದರ ಬೆಲೆ ಹಲವು ಸಾವಿರ ರೂಪಾಯಿ. ಜೀನ್ಸ್ ಹೊಲಿಯುವ ಕೈಗಳ ಕೂಲಿಯಿಂದ, ಅಕ್ಕಿ ಗಿರಣಿಯ ಹಮಾಲರ ಮನೆಗಳಿಂದ ಈ ಹಣ ಹೊರಡುವುದಾದರೆ, ಕೊಂಡ ವಸ್ತುವಿನ ಲೆಕ್ಕ ಕೇಳುವುದು ಅಧಿಕಪ್ರಸಂಗವಾಗಲಾರದು.

ಮೊದಲು ಶಕ್ತಿಯ ಲೆಕ್ಕವನ್ನು ನೋಡೋಣ. ನಮ್ಮ ಕಡೆ ಭತ್ತದ ಚೀಲವೆಂದರೆ 75 ಕಿಲೊ. ಅದನ್ನು ಒಂದೂವರೆ ಮೀಟರು ಎತ್ತಲು ಬೇಕಾದ ಕೆಲಸ ಸುಮಾರು 1,100 ಜೂಲ್. ದಿನಕ್ಕೆ ಇನ್ನೂರು ಚೀಲ ಎತ್ತಿದರೆ 2,20,000 ಜೂಲ್, ಅಂದರೆ ಸುಮಾರು 53 ಕಿಲೊಕ್ಯಾಲೊರಿ. ಸ್ನಾಯು ತಾನು ಪಡೆದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗವನ್ನು ಕೆಲಸವಾಗಿ ಮಾರ್ಪಡಿಸಿ ಉಳಿದುದನ್ನು ಶಾಖವಾಗಿ ಚೆಲ್ಲುತ್ತದೆ. ಆದಕಾರಣ ನಾಲ್ಕರಿಂದ ಗುಣಿಸೋಣ. ಆಗ ದೊರೆಯುವುದು 210 ಕಿಲೊಕ್ಯಾಲೊರಿ: ಒಂದು ದೊಡ್ಡ ಜೋಳದ ರೊಟ್ಟಿ! ಹಮಾಲನು ತನ್ನ ಮೈಯನ್ನೂ ಎತ್ತಬೇಕು, ನಡೆಯಬೇಕು, ಉಸಿರಾಡಬೇಕು. ಅವನ ಊಟ ಒಂದು ರೊಟ್ಟಿಗೆ ಮುಗಿಯದೆಂಬುದು ನಿಜ. ಆದರೆ ಭಾರವೆತ್ತುವ ಇಂಧನ ಬಹುಮಟ್ಟಿಗೆ ಪಿಷ್ಟ ಮತ್ತು ಕೊಬ್ಬಿನಿಂದ ಬರತಕ್ಕದ್ದು, ದುಬಾರಿ ಪುಡಿಯಿಂದಲ್ಲ ಎಂಬುದಕ್ಕೆ ಇಷ್ಟು ಸಾಕು. 'ತೂಕ ಹೆಚ್ಚಿಸುವ' ಡಬ್ಬಿಗಳ ಹಿಂಬದಿಯನ್ನು ಓದಿದರೆ ಅವುಗಳಲ್ಲಿಯೂ ಹೆಚ್ಚಿನ ಪಾಲು ಮಾಲ್ಟೊಡೆಕ್ಸ್ಟ್ರಿನ್, ಅಂದರೆ ಒಡೆದ ಪಿಷ್ಟವೇ. ರೊಟ್ಟಿಯ ಸೋದರನನ್ನೇ ಹತ್ತುಪಟ್ಟು ಬೆಲೆಗೆ ಕೊಂಡಂತಾಯಿತು.

ಸ್ನಾಯುವನ್ನು ಕಟ್ಟಲು ಸಸಾರಜನಕ ಬೇಕೆಂಬುದು ನಿರ್ವಿವಾದ. ಎಷ್ಟು ಬೇಕು? ಸ್ನಾಯುವಿನ ತೂಕದಲ್ಲಿ ಮುಕ್ಕಾಲು ಪಾಲು ನೀರು. ಸಸಾರಜನಕ ಸುಮಾರು ಐದರಲ್ಲೊಂದು ಪಾಲು. ಹೊಸದಾಗಿ ಸಾಧನೆ ಹಿಡಿದ ತರುಣನು ತಿಂಗಳಿಗೆ ಒಂದು ಕಿಲೊ ಸ್ನಾಯುವನ್ನು ಗಳಿಸಿದನೆಂದು ಧಾರಾಳವಾಗಿಯೇ ಒಪ್ಪಿಕೊಳ್ಳೋಣ. ಮೈಯಲ್ಲಿ ನೆಲೆನಿಂತ ಸಸಾರಜನಕ 200 ಗ್ರಾಂ. ದಿನಕ್ಕೆ ಏಳು ಗ್ರಾಂ, ಅಂದರೆ ಒಂದು ಹಿಡಿ ಶೇಂಗಾದಲ್ಲಿರುವಷ್ಟು. ತಿಂದದ್ದೆಲ್ಲ ಸ್ನಾಯುವಾಗದು, ಮೂರುಪಟ್ಟೇ ಬೇಕೆಂದು ಹಿಡಿದರೂ ಇಪ್ಪತ್ತು ಗ್ರಾಂ ದಾಟುವುದು ಕಷ್ಟ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಸಾಮಾನ್ಯ ವಯಸ್ಕರಿಗೆ ಗೊತ್ತುಮಾಡಿದ ಪ್ರಮಾಣ ಮೈತೂಕದ ಪ್ರತಿ ಕಿಲೊಗೆ ದಿನಕ್ಕೆ 0.83 ಗ್ರಾಂ. ಭಾರವೆತ್ತುವವರ ಮೇಲಿನ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಸುಮಾರು 1.6 ಗ್ರಾಂ ದಾಟಿದ ಮೇಲೆ ಹೆಚ್ಚಿನ ಲಾಭ ಕಾಣದೆಂದು ಹೇಳಿತು. ಈ ಮೇಲಿನ ಗೆರೆಯನ್ನೇ ಹಿಡಿಯೋಣ: ಅರುವತ್ತು ಕಿಲೊ ತೂಗುವವನಿಗೆ 96 ಗ್ರಾಂ. ಇನ್ನೂರು ಗ್ರಾಂ ಜೋಳದಲ್ಲಿ 20, ನೂರೈವತ್ತು ಗ್ರಾಂ ಅಕ್ಕಿಯಲ್ಲಿ 12, ಎಪ್ಪತ್ತೈದು ಗ್ರಾಂ ತೊಗರಿಬೇಳೆಯಲ್ಲಿ 16, ಅರ್ಧ ಲೀಟರು ಹಾಲಿನಲ್ಲಿ 16, ಐವತ್ತು ಗ್ರಾಂ ಶೇಂಗಾದಲ್ಲಿ 12, ಐವತ್ತು ಗ್ರಾಂ ಪುಟಾಣಿಯಲ್ಲಿ 10, ಎರಡು ಮೊಟ್ಟೆಯಲ್ಲಿ 12. ಕೂಡಿದರೆ 98. ಜೋಳದಲ್ಲಿ ಕೊರತೆಯಾದ ಲೈಸೀನ್ ಎಂಬ ಅಂಶವನ್ನು ಬೇಳೆ ತುಂಬಿಕೊಡುತ್ತದೆ. ಬಳ್ಳಾರಿಯವರ ಅಚ್ಚುಮೆಚ್ಚಿನ ಒಗ್ಗರಣೆ-ಮಿರ್ಚಿಯಲ್ಲಿಯೂ ಮಂಡಕ್ಕಿ ಬರಿಯ ಪಿಷ್ಟ, ಮೇಲೆ ಬೀಳುವ ಪುಟಾಣಿ ಪುಡಿಯೇ ಸಸಾರಜನಕ. ಅದನ್ನು ಬಡಿಸುವ ಕೈ ಮಾತ್ರ ಸ್ವಲ್ಪ ಬಿಗಿ.

ಇಷ್ಟು ಊಟ ಎಲ್ಲರ ಮನೆಯಲ್ಲಿಯೂ ಇಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಅನ್ನವೇ ಮುಕ್ಕಾಲು ತಟ್ಟೆಯಾಗಿ ಬೇಳೆಯೂ ಹಾಲೂ ನೆಪಮಾತ್ರಕ್ಕೆ ಇರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಡಬ್ಬಿಗೆ ತೆರುವ ಹಣವೇ ಆ ತಟ್ಟೆಯನ್ನು ತುಂಬಬಲ್ಲದು, ಅದೂ ಮನೆಮಂದಿಗೆಲ್ಲ. ಹಾಲೊಡಕಿನ ಶುದ್ಧ ಪುಡಿ ವಿಷವೆಂದು ನಾವು ಹೇಳುತ್ತಿಲ್ಲ. ಅದು ಹಾಲಿನದೇ ಅಂಶ, ಸುಲಭವಾಗಿ ಜೀರ್ಣವಾಗುತ್ತದೆ. ಕ್ರಿಯೇಟೀನ್ ಎಂಬ ಪದಾರ್ಥವೂ ಪ್ರಯೋಗಗಳಲ್ಲಿ ಅಲ್ಪಕಾಲದ ಬಿರುಸಿನ ಶ್ರಮಕ್ಕೆ ನೆರವಾಗಿರುವುದುಂಟು. ಮೊದಲ ವಾರದಲ್ಲಿ ಅದರಿಂದ ಏರುವ ತೂಕ ಹೆಚ್ಚಾಗಿ ನೀರಿನದು ಎಂಬುದನ್ನು ಮಾತ್ರ ಅಂಗಡಿಯವನು ಹೇಳುವುದಿಲ್ಲ.

ನಮ್ಮ ಮುಖ್ಯ ಸಂದೇಹ ಡಬ್ಬಿಯ ಮೇಲಿನ ಅಂಕಿಯ ಬಗ್ಗೆ. ಸಸಾರಜನಕವೆಂದರೆ ಸಾರಜನಕದಿಂದ ಕೂಡಿದ್ದು. ಕನ್ನಡದ ಹೆಸರಿನಲ್ಲಿಯೇ ಪರೀಕ್ಷೆಯ ಗುಟ್ಟು ಅಡಗಿದೆ. ಕೆಲ್ದಾಲ್ ಎಂಬ ವಿಜ್ಞಾನಿ 1883ರಲ್ಲಿ ಪ್ರಕಟಿಸಿದ ವಿಧಾನದಂತೆ ಆಹಾರದ ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತಾರೆ. ಈ ವಿಧಾನಕ್ಕೆ ಸಾರಜನಕ ಕಾಣುತ್ತದೆಯೆ ಹೊರತು ಅದು ಎಲ್ಲಿಂದ ಬಂದಿತೆಂಬುದು ಕಾಣದು. ಗ್ಲೈಸೀನಿನಂಥ ಅಗ್ಗದ ಪದಾರ್ಥವನ್ನು ಬೆರೆಸಿದರೂ ಅಂಕಿ ಏರುತ್ತದೆ. ತೂಕದಲ್ಲಿ ಮೂರರಲ್ಲೆರಡು ಪಾಲು ಸಾರಜನಕವೇ ಆಗಿರುವ ಮೆಲಮೀನನ್ನು ಹಾಲಿಗೆ ಬೆರೆಸಿದ ಹಗರಣ ಚೀನದಲ್ಲಿ 2008ರಲ್ಲಿ ಬಯಲಾಯಿತು; ಸುಮಾರು 3 ಲಕ್ಷ ಮಕ್ಕಳು ಅಸ್ವಸ್ಥರಾದರು. ಇದು ಊಹಾಪೋಹದ ಮಾತಲ್ಲ. ನಮ್ಮ ದೇಶದಲ್ಲಿ ಮಾರಾಟವಾಗುವ 36 ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತರಷ್ಟರ ಅಂಕಿ ತಪ್ಪಾಗಿತ್ತು; ಕೆಲವುಗಳಲ್ಲಿ ಬೂಷ್ಟಿನ ವಿಷವೂ ಸಿಕ್ಕಿತು. ಇದಕ್ಕೂ ಮುಂಚೆ, 13 ದೇಶಗಳಿಂದ ಕೊಂಡ 634 ಪೂರಕಗಳನ್ನು ಜರ್ಮನಿಯ ಕಲೋನ್ ನಗರದ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ 94ರಲ್ಲಿ ಹೆಸರು ಹೇಳದ ಸ್ಟೀರಾಯ್ಡ್ ಅಂಶಗಳು ಕಂಡುಬಂದವೆಂದು 2004ರಲ್ಲಿ ವರದಿಯಾಯಿತು. ಪುಡಿ ತಿಂದು ಮೈ ದಿಢೀರನೆ ಉಬ್ಬಿದರೆ ಸಂತೋಷಕ್ಕಿಂತ ಮೊದಲು ಅನುಮಾನ ಬರಬೇಕು.

ಇನ್ನು 'ಮೊದಲು' ಮತ್ತು 'ನಂತರ'ದ ಚಿತ್ರಗಳು. ಭೌತಶಾಸ್ತ್ರ ಪಾಠಮಾಡುವವರಿಗೆ ಇವು ಬೆಳಕಿನ ಅಧ್ಯಾಯದ ಒಳ್ಳೆಯ ಉದಾಹರಣೆಗಳು. ಬಳ್ಳಾರಿಯ ಕೋಟೆಗುಡ್ಡವನ್ನು ನಡುಹಗಲಿನಲ್ಲಿ ನೋಡಿರಿ, ಬಂಡೆಯೆಲ್ಲ ಒಂದೇ ಮುದ್ದೆ. ಸಂಜೆ ಐದೂವರೆಗೆ ಓರೆಬಿಸಿಲಿನಲ್ಲಿ ನೋಡಿರಿ, ಒಂದೊಂದು ಬಿರುಕೂ ಎದ್ದು ನಿಲ್ಲುತ್ತದೆ. ಗುಡ್ಡ ಬೆಳೆದಿಲ್ಲ, ನೆರಳು ಬೆಳೆದಿದೆ. ಮೈಗೆ ಎಣ್ಣೆ ಬಳಿದರೆ ಚದರಿಹೋಗುತ್ತಿದ್ದ ಬೆಳಕು ಕನ್ನಡಿಯಂತೆ ಒಂದೇ ದಿಕ್ಕಿಗೆ ಪ್ರತಿಫಲಿಸಿ ಉಬ್ಬುತಗ್ಗುಗಳನ್ನು ತೀಡುತ್ತದೆ. 'ಮೊದಲಿನ' ಚಿತ್ರಕ್ಕೆ ಎದುರುಬೆಳಕು, 'ನಂತರದ' ಚಿತ್ರಕ್ಕೆ ಮೇಲಿನ ಬೆಳಕು ಎಂದಾದರೆ ತೊಂಬತ್ತು ದಿನಗಳ ಪವಾಡ ತೊಂಬತ್ತು ಕ್ಷಣಗಳಲ್ಲಿ ಮುಗಿಯುತ್ತದೆ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದ, 'ಶಾಂತಲಾ' ಕಾದಂಬರಿಯ ಕರ್ತೃ ಕೆ. ವಿ. ಅಯ್ಯರ್ ಅವರ ಚಿತ್ರಗಳಲ್ಲಿಯೂ ಬೆಳಕಿನ ಜಾಣ್ಮೆ ಇಲ್ಲದಿಲ್ಲ. ಆದರೆ ಆ ಮೈಕಟ್ಟಿನ ಹಿಂದೆ ಇದ್ದದ್ದು ಸೂರ್ಯನಮಸ್ಕಾರ, ಭಾರಸಾಧನೆ ಮತ್ತು ವರ್ಷಗಟ್ಟಲೆಯ ನಿಯಮ. ಹಾಲೊಡಕಿನ ಡಬ್ಬಿಗಳು ನಮ್ಮ ಊರುಗಳಿಗೆ ಬರುವ ಎಷ್ಟೋ ಮೊದಲಿನ ಮಾತಿದು.

ಇದೇ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ, ಮೈ ಬೆಳೆಸುವುದಕ್ಕಾಗಿ ಸಸಾರಜನಕದ ಪುಡಿಗಳನ್ನು ತಿನ್ನಬೇಡಿರೆಂದು ಸ್ಪಷ್ಟವಾಗಿ ಹೇಳಿದೆ. ಹೇಳಿದ್ದು ಸರಿಯೆ, ಆದರೆ ಹೈದರಾಬಾದಿನ ಮಾತು ಜಿಮ್ಮಿನ ಗೋಡೆಯ ಮೇಲಿನ ಚಿತ್ರಪಟದಷ್ಟು ದೊಡ್ಡ ಅಕ್ಷರಗಳಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಕೊಳ್ಳುವವರೇ ಒಂದು ಕೆಲಸ ಮಾಡಬಹುದು. 2006ರ ಆಹಾರ ಸುರಕ್ಷತಾ ಕಾಯಿದೆಯ 40ನೆಯ ಪ್ರಕರಣದಂತೆ, ಕೊಂಡ ಆಹಾರವನ್ನು ನಿಗದಿಯಾದ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು ಗ್ರಾಹಕನಿಗಿದೆ. ವಸ್ತು ಕಾಯಿದೆಗೆ ಹೊಂದದಿದ್ದರೆ ಕಟ್ಟಿದ ಶುಲ್ಕ ಹಿಂದಕ್ಕೆ ಬರುತ್ತದೆ. ಒಂದು ಜಿಮ್ಮಿನ ಹತ್ತು ಮಂದಿ ಸೇರಿ ಒಂದು ಡಬ್ಬಿಯನ್ನು ಕಳುಹಿಸಿದರೆ ತಲೆಗೆ ಬೀಳುವ ಖರ್ಚು ಹೊರೆಯಾಗಲಾರದು. ಕಳುಹಿಸುವಾಗ ಬರಿಯ ಸಾರಜನಕವನ್ನಲ್ಲದೆ ಅಮೈನೊ ಆಮ್ಲಗಳನ್ನೂ ಬಿಡಿಬಿಡಿಯಾಗಿ ಅಳೆಯಬೇಕೆಂದು ಕೇಳಿಕೊಳ್ಳುವುದು ಒಳ್ಳೆಯದು.